ನೆಲದಡಿಯ ಮಿನುಗು ಹರಳುಗಳು

ಪ್ರವಾಸವೆಂದರೆ ನಮ್ಮ ಕಡೆಯ ಮನೆಗಳಲ್ಲಿ ಬಹುಮಟ್ಟಿಗೆ ಕ್ಷೇತ್ರದರ್ಶನವೇ ಆಗಿರುತ್ತದೆ. ಕೂಡಲಸಂಗಮ, ಉಳವಿ, ಶ್ರೀಶೈಲಗಳನ್ನು ಕಂಡು ಬಂದ ನಮಗೆ, ಮುಪ್ಪಿನ ಹೊಸ್ತಿಲಲ್ಲಿ ನಿಂತಾಗ ಸ್ವಿಟ್ಜರ್ಲೆಂಡಿನ ಜಿನೀವಾ ನಗರವನ್ನು ಕಾಣುವ ಸುಯೋಗ ಒದಗಿ ಬಂತು. ಮಗಳೂ ಅಳಿಯಂದಿರೂ ಉದ್ಯೋಗ ನಿಮಿತ್ತ ಅಲ್ಲಿ ನೆಲೆಸಿದ್ದರು. 2019ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಮನೆಯವರೂ ಅವರಲ್ಲಿಗೆ ಹೋದೆವು.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಸರೋವರ, ಹಿಮಶಿಖರ, ಗಡಿಯಾರದ ಅಂಗಡಿಗಳಿಗಿಂತ ನನ್ನ ಮನಸ್ಸು ತುಡಿಯುತ್ತಿದ್ದುದು ಸರ್ನ್ ಎಂಬ ಸಂಶೋಧನಾ ಕೇಂದ್ರದ ಕಡೆಗೆ. ಯುರೋಪಿನ ರಾಷ್ಟ್ರಗಳು ಕೂಡಿ 1954ರಲ್ಲಿ ಸ್ಥಾಪಿಸಿದ ಕೇಂದ್ರವದು. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಕೆಳಗೆ 27 ಕಿಲೋಮೀಟರ್ ಸುತ್ತಳತೆಯ ಸುರಂಗವನ್ನು ಕೊರೆದು, ಅದರಲ್ಲಿ ಪ್ರೋಟಾನ್ ಕಣಗಳನ್ನು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಓಡಿಸಿ, ಎದುರುಬದುರಾಗಿ ಡಿಕ್ಕಿ ಹೊಡೆಸುತ್ತಾರೆ. ಭಾರತವೂ 2017ರ ಜನವರಿಯಲ್ಲಿ ಅದರ ಸಹ ಸದಸ್ಯ ರಾಷ್ಟ್ರವಾಗಿದೆ. ಯಂತ್ರ ನಡೆಯುವಾಗ ಸುರಂಗಕ್ಕೆ ಯಾರೂ ಇಳಿಯುವಂತಿಲ್ಲ. ನಮ್ಮ ಪುಣ್ಯಕ್ಕೆ ಆಗ ಯಂತ್ರವನ್ನು ದುರಸ್ತಿಗಾಗಿ ನಿಲ್ಲಿಸಿದ್ದರು; ಸೆಪ್ಟೆಂಬರ್ 14 ಮತ್ತು 15ರಂದು ಸಾರ್ವಜನಿಕರಿಗೆ ಬಾಗಿಲು ತೆರೆದಿದ್ದರು.

"ಅಪ್ಪಾಜಿ, ನೀವೊಬ್ಬರೇ ಹೋಗಿ ಬನ್ನಿ. ಅಮ್ಮನಿಗೆ ಅಷ್ಟು ನಡೆಯೋದು ಆಗುತ್ತೋ ಇಲ್ಲವೋ" ಎಂದಳು ಮಗಳು. ಅವಳ ಮಾತಿಗೆ ಕಾರಣವಿತ್ತು. ಎರಡು ವರ್ಷಗಳ ಹಿಂದೆ, 2017ರಲ್ಲಿ, ನನ್ನ ಮನೆಯವರಿಗೆ ಕ್ಯಾನ್ಸರ್ ಇರುವುದು ತಿಳಿದು, ಶಸ್ತ್ರಚಿಕಿತ್ಸೆಯೂ ಔಷಧೋಪಚಾರವೂ ನಡೆದಿದ್ದವು. ಆದರೆ ಅವರು ಕೇಳಲಿಲ್ಲ. "ಇಷ್ಟು ದೂರ ಬಂದು ಮನೆಯಲ್ಲಿ ಕೂಡಲೇನೇ? ನಾನೂ ಬರುತ್ತೇನೆ" ಎಂದು ಸೀರೆಯ ಮೇಲೆ ಸ್ವೆಟರ್ ತೊಟ್ಟು ಸಿದ್ಧರಾದರು. ಮಗಳು ಚಪಾತಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು.

ಸೆಸ್ಸಿ ಎಂಬ ಹಳ್ಳಿ

ನಗರದಿಂದ ಹದಿನೆಂಟನೆಯ ಸಂಖ್ಯೆಯ ಟ್ರಾಮ್ ನೇರವಾಗಿ ಸರ್ನ್ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ಆವರಣದೊಳಗೆ ಭಾರತ ಸರ್ಕಾರ ಕಾಣಿಕೆಯಾಗಿ ನೀಡಿದ, 2004ರ ಜೂನ್ 18ರಂದು ಅನಾವರಣಗೊಂಡ, ಎರಡು ಮೀಟರ್ ಎತ್ತರದ ನಟರಾಜ ಮೂರ್ತಿಯಿದೆ. ಅಪರಿಚಿತ ಊರಿನಲ್ಲಿ ಬಂಧುವನ್ನು ಕಂಡಂತಾಗಿ ನನ್ನ ಮನೆಯವರು ಅಲ್ಲಿ ಕ್ಷಣಕಾಲ ಕೈಮುಗಿದು ನಿಂತರು.

ನಾವು ನೋಡಬೇಕೆಂದಿದ್ದ ಸಿಎಂಎಸ್ ಎಂಬ ಪ್ರಯೋಗದ ತಾಣ ಅಲ್ಲಿಲ್ಲ. ಅದು ಸುರಂಗದ ಉಂಗುರದ ಎದುರು ಬದಿಯಲ್ಲಿ, ಫ್ರಾನ್ಸಿನ ಸೆಸ್ಸಿ ಎಂಬ ಹಳ್ಳಿಯಲ್ಲಿದೆ. ಬಸ್ಸಿನಲ್ಲಿ ಹೊರಟೆವು. ಗಡಿ ದಾಟಿದ್ದು ತಿಳಿಯಲೇ ಇಲ್ಲ. ಒಂದು ಮಗ್ಗುಲಲ್ಲಿ ಜೂರಾ ಬೆಟ್ಟಗಳ ನೀಲಿ ಸಾಲು, ಇನ್ನೊಂದು ಮಗ್ಗುಲಲ್ಲಿ ದೂರದ ಆಲ್ಪ್ಸ್, ನಡುವೆ ಹೊಲಗದ್ದೆ, ಮೇಯುವ ಹಸುಗಳು. ಈ ನೆಲದಡಿಯಲ್ಲಿ ಜಗತ್ತಿನ ಅತಿ ದೊಡ್ಡ ಯಂತ್ರವಿದೆಯೆಂದು ಯಾರು ಹೇಳಿದರೂ ನಂಬಲಾಗದಷ್ಟು ಪ್ರಶಾಂತವಾದ ಊರು. 1998ರಲ್ಲಿ ಇಲ್ಲಿ ಅಗೆತ ಆರಂಭಿಸಿದಾಗ ರೋಮನ್ನರ ಕಾಲದ ಮನೆಯೊಂದರ ಪಾಯವೂ 4ನೆಯ ಶತಮಾನದ ನಾಣ್ಯಗಳೂ ಸಿಕ್ಕಿ, ಪುರಾತತ್ತ್ವಜ್ಞರು ತಮ್ಮ ಕೆಲಸ ಮುಗಿಸುವವರೆಗೆ ವಿಜ್ಞಾನಿಗಳು ಕಾದರಂತೆ.

ಕೈಗೆ ಬಂದ ಹರಳು

ಕೆಳಗಿಳಿಯುವ ಮುನ್ನ ಮೇಲಿನ ಸಭಾಂಗಣದಲ್ಲಿ ಒಂದು ಮೇಜಿನ ಮೇಲೆ ಹಲವು ಮಾದರಿಗಳನ್ನು ಇರಿಸಿದ್ದರು. ಮಾರ್ಗದರ್ಶಕಿಯಾಗಿದ್ದ ಸಂಶೋಧನಾ ವಿದ್ಯಾರ್ಥಿನಿ ಅವುಗಳಲ್ಲೊಂದನ್ನು ಎತ್ತಿ ನನ್ನ ಮನೆಯವರ ಕೈಗಿತ್ತಳು. ಗೇಣುದ್ದದ, ನೀರಿನಂತೆ ತಿಳಿಯಾದ, ನಾಲ್ಕು ಮೂಲೆಯ ಕಂಬದಂಥ ಹರಳು.

"ಗಾಜಲ್ಲವೇನ್ರೀ ಇದು? ಅಬ್ಬಾ, ಎಷ್ಟು ಭಾರ!" ಎಂದು ಅವರು ಎರಡೂ ಕೈಯಲ್ಲಿ ಹಿಡಿದರು.

ಅದು ಗಾಜಲ್ಲ, ಲೆಡ್ ಟಂಗ್‌ಸ್ಟೇಟ್ ಎಂಬ ಹರಳು. ಸೀಸ, ಟಂಗ್‌ಸ್ಟನ್ ಮತ್ತು ಆಮ್ಲಜನಕ ಸೇರಿ ಆದದ್ದು. ಅದರ ತೂಕದ ನೂರರಲ್ಲಿ ಎಂಬತ್ತಾರು ಪಾಲು ಲೋಹವೇ. ಒಂದು ಘನ ಸೆಂಟಿಮೀಟರಿಗೆ 8.28 ಗ್ರಾಂ, ಅಂದರೆ ಕಬ್ಬಿಣಕ್ಕಿಂತಲೂ ಭಾರ. ಆದರೂ ಆಚೆಗಿನ ಅಕ್ಷರ ಓದುವಷ್ಟು ಪಾರದರ್ಶಕ.

ಇಂಥ ವಸ್ತುಗಳಿಗೆ ಸಿಂಟಿಲೇಟರ್ ಎಂದು ಹೆಸರು. ನಾವು ಮಿನುಗು ಹರಳು ಎನ್ನಬಹುದು. ಕಣ್ಣಿಗೆ ಕಾಣದ ಕಣವೋ ಕಿರಣವೋ ಒಳಹೊಕ್ಕರೆ ಇವು ಕ್ಷಣಮಾತ್ರ ಮಿನುಗುತ್ತವೆ. ಪರಮಾಣುವಿಗೆ ನಡುವೆ ಒಂದು ಬೀಜವಿದೆಯೆಂದು ರುದರ್‌ಫೋರ್ಡ್ ತಿಳಿದದ್ದೂ ಇಂಥ ಮಿನುಗಿನಿಂದಲೇ. ಅವರ ಸಹಾಯಕರಾದ ಗೈಗರ್ ಮತ್ತು ಮಾರ್ಸ್‌ಡೆನ್ 1909ರ ಸುಮಾರಿನಲ್ಲಿ ಕತ್ತಲ ಕೋಣೆಯಲ್ಲಿ ಕುಳಿತು, ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಮೂಡುವ ಚುಕ್ಕಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುತ್ತಿದ್ದರು. ಈಗ ಆ ಎಣಿಕೆಯನ್ನು ವಿದ್ಯುತ್ ಉಪಕರಣಗಳು ಮಾಡುತ್ತವೆ.

ಹರಳು ಭಾರವಾಗಿದ್ದಷ್ಟೂ ಒಳಹೊಕ್ಕ ಕಣ ಬೇಗ ತಡೆಯಲ್ಪಡುತ್ತದೆ. ಒಂದು ಎಲೆಕ್ಟ್ರಾನ್ ಅಥವಾ ಫೋಟಾನ್ ಒಳಬಂದು ಎರಡಾಗಿ, ನಾಲ್ಕಾಗಿ, ಸಾವಿರವಾಗಿ ಕವಲೊಡೆದು, ಕೊನೆಗೆ ತನ್ನ ಶಕ್ತಿಯನ್ನೆಲ್ಲ ಹರಳಿನಲ್ಲೇ ಬಿಟ್ಟುಕೊಡುತ್ತದೆ. ಆ ಶಕ್ತಿ ಹೆಚ್ಚಿದ್ದಷ್ಟೂ ಮಿನುಗೂ ಹೆಚ್ಚು. ಮಿನುಗನ್ನು ಅಳೆದರೆ ಶಕ್ತಿಯನ್ನು ಅಳೆದಂತೆ. ಇಂಥ ಹರಳುಗಳ ಜೋಡಣೆಗೆ ಕ್ಯಾಲೊರಿಮೀಟರ್ ಎನ್ನುತ್ತಾರೆ. ಸಿಎಂಎಸ್ ಪ್ರಯೋಗದಲ್ಲಿ ಇಂಥ 75,848 ಹರಳುಗಳಿದ್ದವು: ನಡುವಿನ ಪೀಪಾಯಿಯಾಕಾರದ ಭಾಗದಲ್ಲಿ 61,200, ಎರಡು ತುದಿಗಳ ಮುಚ್ಚಳಗಳಲ್ಲಿ ಉಳಿದವು.

ಇವನ್ನು ನೆಲದಿಂದ ಅಗೆದು ತಂದಿಲ್ಲ, ಬೆಳೆಸಿದ್ದಾರೆ. ಸಕ್ಕರೆಯ ಪಾಕದಲ್ಲಿ ದಾರ ಇಳಿಬಿಟ್ಟರೆ ಕಲ್ಲುಸಕ್ಕರೆ ಕಟ್ಟುವುದನ್ನು ನಮ್ಮ ತಾಯಂದಿರೆಲ್ಲ ಬಲ್ಲರು. ಇಲ್ಲಿ ಪ್ಲಾಟಿನಂ ಪಾತ್ರೆಯಲ್ಲಿ 1,100 ಡಿಗ್ರಿಗೂ ಮೀರಿದ ಶಾಖದಲ್ಲಿ ಕರಗಿದ ಪಾಕ. ಅದಕ್ಕೊಂದು ಬೀಜದ ಹರಳನ್ನು ತಾಗಿಸಿ, ತಿರುಗಿಸುತ್ತ, ನಿಧಾನವಾಗಿ ಮೇಲೆಳೆಯುತ್ತಾರೆ. ಒಂದು ಹರಳಿಗೆ ಸುಮಾರು ಎರಡು ದಿನ. ಬಹುಪಾಲು ಹರಳುಗಳು ರಷ್ಯಾದ ಬೊಗೊರೊದಿತ್ಸ್ಕ್ ಎಂಬ ಸಣ್ಣ ಪಟ್ಟಣದಲ್ಲಿ ಹೀಗೆ ಬೆಳೆದವು. ಉಳಿದವು ಚೀನಾದ ಶಾಂಘೈಯಲ್ಲಿ ಬೇರೊಂದು ವಿಧಾನದಿಂದ. 1998ರಲ್ಲಿ ಆರಂಭವಾದ ಕೆಲಸ 2008ರಲ್ಲಿ ಮುಗಿಯಿತು. ಹತ್ತು ವರ್ಷ ಕುಲುಮೆಯ ಮುಂದೆ ನಿಂತು ಪಾಕ ಕಾಯ್ದವರ ಹೆಸರುಗಳು ಯಾವ ಫಲಕದ ಮೇಲೂ ನನಗೆ ಕಾಣಲಿಲ್ಲ.

ನೂರು ಮೀಟರ್ ಕೆಳಗೆ

ತಲೆಗೆ ಹೆಲ್ಮೆಟ್ ತೊಟ್ಟು ಲಿಫ್ಟಿನಲ್ಲಿ ಇಳಿದೆವು. ನನಗೆ ಕೋಲಾರದ ಚಿನ್ನದ ಗಣಿ ನೆನಪಾಯಿತು. ನೌಕರಿಯ ಆರಂಭದಲ್ಲಿ ನಾಲ್ಕು ವರ್ಷ ನಾನು ಆ ಜಿಲ್ಲೆಯಲ್ಲಿದ್ದೆ. ಆ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಕೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಕುರುಹನ್ನು ಕಂಡುಹಿಡಿದಿದ್ದರು. ಅಲ್ಲಿ ಬಳಸಿದ್ದೂ ಸಿಂಟಿಲೇಟರನ್ನೇ, ಮಿನುಗುವ ಪ್ಲಾಸ್ಟಿಕ್ ಹಲಗೆಗಳನ್ನು. ಆ ಸಾಹಸದ ಮುಂದಾಳುಗಳಲ್ಲಿ ಒಬ್ಬರಾದ ಬಿ. ವಿ. ಶ್ರೀಕಂಠನ್ ನಂಜನಗೂಡಿನ ಕಡೆಯವರು. 2001ರಲ್ಲಿ ಗಣಿ ಮುಚ್ಚಿತು. ಆದರೆ ಅದೇ ಟಾಟಾ ಸಂಸ್ಥೆಯವರು ಪಂಜಾಬ್ ವಿಶ್ವವಿದ್ಯಾಲಯದೊಡನೆ ಸೇರಿ ಸಿಎಂಎಸ್‌ನ ಹೊರಸುತ್ತಿನ ಕ್ಯಾಲೊರಿಮೀಟರಿಗೆ ಪ್ಲಾಸ್ಟಿಕ್ ಸಿಂಟಿಲೇಟರುಗಳನ್ನು ಒದಗಿಸಿದ್ದಾರೆ. ಕೋಲಾರದಲ್ಲಿ ಕಲಿತ ವಿದ್ಯೆ ಹೀಗೆ ಸೆಸ್ಸಿಯವರೆಗೆ ಬಂದಿದೆ.

ಲಿಫ್ಟಿನ ಬಾಗಿಲು ತೆರೆಯಿತು. ಎದುರಿಗೆ ಕಂಡದ್ದನ್ನು ಹೇಗೆ ವರ್ಣಿಸಲಿ? ಐದಂತಸ್ತಿನ ಕಟ್ಟಡದೆತ್ತರದ, ಕೆಂಪು ಬಣ್ಣದ ಕಬ್ಬಿಣದ ಚಕ್ರಗಳು. ಅಡ್ಡಳತೆ 15 ಮೀಟರ್, ಉದ್ದ 21 ಮೀಟರ್, ತೂಕ 14,000 ಟನ್. ಮೇಲೆಯೇ ತುಂಡು ತುಂಡಾಗಿ ಕಟ್ಟಿ ಒಂದೊಂದನ್ನೇ ಕೆಳಗಿಳಿಸಿದರಂತೆ. ಅತಿ ದೊಡ್ಡ ತುಂಡನ್ನು 2007ರ ಫೆಬ್ರವರಿ 28ರಂದು ಇಳಿಸಲು ಸುಮಾರು ಹತ್ತು ಗಂಟೆ ಹಿಡಿಯಿತು. ದುರಸ್ತಿಗಾಗಿ ಚಕ್ರಗಳನ್ನು ಬೇರ್ಪಡಿಸಿದ್ದರಿಂದ ತೇರಿನ ಒಡಲೊಳಗೆ ಇಣುಕಿದಂತೆ ಕಾಣುತ್ತಿತ್ತು. ಹರಳುಗಳು ಮಾತ್ರ ಕಾಣಲಿಲ್ಲ. ಅವು ಗರ್ಭದೊಳಗೆ, ಕತ್ತಲಲ್ಲಿ.

ಅಲ್ಲಿ ಕೇಳಿದ ಒಂದು ಸಂಗತಿ ಮನಸ್ಸಿಗೆ ನಾಟಿತು. ತುದಿಯ ಒಂದು ಕ್ಯಾಲೊರಿಮೀಟರಿಗೆ ಬೇಕಾದ ಹಿತ್ತಾಳೆಯನ್ನು, ರಷ್ಯಾದ ನೌಕಾಪಡೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಉಳಿದಿದ್ದ ಹತ್ತು ಲಕ್ಷಕ್ಕೂ ಹೆಚ್ಚು ತೋಪಿನ ಗುಂಡುಗಳ ಕವಚಗಳನ್ನು ಕರಗಿಸಿ ಪಡೆದರಂತೆ. ಕೊಲ್ಲಲು ಎರಕ ಹೊಯ್ದ ಲೋಹ ತಿಳಿವಳಿಕೆಯ ಕೆಲಸಕ್ಕೆ ಬಂತು.

ನಮ್ಮ ಬೆಂಗಳೂರಿನ ಪಾಲೂ ಅಲ್ಲಿತ್ತು. ತುದಿಯ ಹರಳುಗಳ ಮುಂದೆ ಸಿಲಿಕಾನ್ ಫಲಕಗಳ ಒಂದು ತೆರೆಯಿತ್ತು. ಆ ಫಲಕಗಳಲ್ಲಿ ಸುಮಾರು ಒಂದು ಸಾವಿರ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದವು.

ಎರಡು ಮಿನುಗುಗಳ ಕಥೆ

ಈ ಹರಳುಗಳಿಂದ ಆದ ಮಹತ್ಕಾರ್ಯವೆಂದರೆ ಹಿಗ್ಸ್ ಬೋಸಾನ್ ಕಣದ ಪತ್ತೆ. ಇತರ ಮೂಲಕಣಗಳಿಗೆ ದ್ರವ್ಯರಾಶಿ ಬಂದ ಬಗೆಯನ್ನು ತಿಳಿಸುವ ಈ ಕಣದ ಇರವನ್ನು 2012ರ ಜುಲೈ 4ರಂದು ಸಾರಲಾಯಿತು. ಆ ಕಣ ಹುಟ್ಟಿದ ಕ್ಷಣದಲ್ಲೇ ಅಳಿಯುತ್ತದೆ. ಸಾವಿರದಲ್ಲಿ ಸುಮಾರು ಎರಡು ಸಲ ಮಾತ್ರ ಅಳಿಯುವಾಗ ಎರಡು ಫೋಟಾನುಗಳನ್ನು ಬಿಟ್ಟು ಹೋಗುತ್ತದೆ. ಆ ಎರಡು ಫೋಟಾನುಗಳು ಎರಡು ಕಡೆಯ ಹರಳುಗಳಲ್ಲಿ ಮಿನುಗುತ್ತವೆ. ಎರಡು ಮಿನುಗುಗಳನ್ನೂ ಸರಿಯಾಗಿ ಅಳೆದರೆ, ನಡುವೆ ಇದ್ದು ಅಳಿದದ್ದು ಏನೆಂದು ಹೇಳಬಹುದು.

ಮಾರ್ಗದರ್ಶಕಿ ಇದನ್ನು ವಿವರಿಸುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ಇದೇ ಮಾತನ್ನು ನಾನು ಮೊದಲೊಮ್ಮೆ ಕೇಳಿದ್ದೆ. 2017ರಲ್ಲಿ ನನ್ನ ಮನೆಯವರನ್ನು ಪೆಟ್ ಸ್ಕ್ಯಾನಿಗೆ ಕರೆದೊಯ್ದಾಗ ವೈದ್ಯರು ಹೇಳಿದ್ದು ಇದನ್ನೇ. ಸಕ್ಕರೆಯಂಥ ಒಂದು ವಸ್ತುವಿಗೆ ವಿಕಿರಣ ಬೀರುವ ಫ್ಲೋರಿನ್ ಸೇರಿಸಿ ರಕ್ತಕ್ಕೆ ಬಿಡುತ್ತಾರೆ. ರೋಗದ ಗಂಟು ಸಕ್ಕರೆಯನ್ನು ಹೆಚ್ಚು ಹೀರುತ್ತದೆ. ಅಲ್ಲಿಂದ ಹೊರಟ ಒಂದು ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನಿನೊಡನೆ ಕೂಡಿ ಅಳಿದು, ಎದುರುಬದುರು ದಿಕ್ಕಿಗೆ ಎರಡು ಫೋಟಾನುಗಳನ್ನು ಕಳಿಸುತ್ತದೆ. ದೇಹದ ಸುತ್ತ ಉಂಗುರದಂತೆ ಜೋಡಿಸಿದ ಹರಳುಗಳಲ್ಲಿ ಎರಡು ಮಿನುಗು. ಅವುಗಳ ನಡುವಿನ ಗೆರೆಯ ಮೇಲೆ ರೋಗದ ನೆಲೆ. ಸೆಸ್ಸಿಯ ಫೋಟಾನುಗಳ ಶಕ್ತಿ ಆಸ್ಪತ್ರೆಯವುಗಳಿಗಿಂತ ಲಕ್ಷ ಪಟ್ಟಿಗೂ ಹೆಚ್ಚು ಇರಬಹುದು. ಉಪಾಯ ಮಾತ್ರ ಒಂದೇ.

"ನಿನ್ನ ಗಂಟನ್ನು ತೋರಿಸಿಕೊಟ್ಟದ್ದೂ ಇಂಥದೇ ಹರಳು ಕಣೇ" ಎಂದೆ. ಅವರು ಏನೂ ಹೇಳಲಿಲ್ಲ. ಮೇಲೆ ಹರಳನ್ನು ಹಿಡಿದಿದ್ದ ತಮ್ಮ ಕೈಗಳನ್ನೇ ನೋಡಿಕೊಂಡರು.

ಈ ಕೊಡುಕೊಳ್ಳುವಿಕೆ ಹಳೆಯದು. 1989ರಿಂದ 2000ದವರೆಗೆ ಇದೇ ಸುರಂಗದಲ್ಲಿ ನಡೆದ ಎಲ್-3 ಎಂಬ ಪ್ರಯೋಗದಲ್ಲಿ ಬಿಸ್ಮತ್ ಜರ್ಮನೇಟ್ ಎಂಬ ಸುಮಾರು 11,000 ಹರಳುಗಳಿದ್ದವು. ಅದೇ ಜಾತಿಯ ಹರಳು ಆಸ್ಪತ್ರೆಗಳ ಪೆಟ್ ಯಂತ್ರಗಳಲ್ಲಿಯೂ ಬಹುಕಾಲ ದುಡಿದಿದೆ.

ಮಂಕಾಗುವ ಹರಳು

ನಾನು ಶಿಕ್ಷಕನ ಚಾಳಿಯಂತೆ ಒಂದು ಪ್ರಶ್ನೆ ಕೇಳಿದೆ: "ಇಷ್ಟು ಕಿರಣಗಳ ಹೊಡೆತಕ್ಕೆ ಸಿಕ್ಕ ಹರಳು ಕೆಡುವುದಿಲ್ಲವೇ?"

ಕೆಡುತ್ತದೆ ಎಂಬುದೇ ಉತ್ತರ. ಯಾವ ಕಿರಣಗಳನ್ನು ಅಳೆಯಲು ಹರಳನ್ನು ಇಟ್ಟಿದೆಯೋ ಅವೇ ಕಿರಣಗಳು ಅದರ ತಿಳಿಯನ್ನು ಕದಡುತ್ತವೆ. ಮಿನುಗು ಹುಟ್ಟುತ್ತದೆ, ಆದರೆ ಹೊರಬರುವ ದಾರಿ ಮಂಕಾಗುತ್ತದೆ. ಹರಳು ಬೆಳೆಸುವಾಗಲೇ ಯಿಟ್ರಿಯಂ, ನಿಯೋಬಿಯಂಗಳಂಥ ಧಾತುಗಳನ್ನು ಚಿಟಿಕೆಯಷ್ಟು ಬೆರೆಸಿ ಈ ಕೇಡನ್ನು ತಗ್ಗಿಸಿದರು, ಪೂರ್ತಿ ತಡೆಯಲಾಗಲಿಲ್ಲ. ಯಂತ್ರ ನಿಂತಾಗ ಹರಳು ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಳ್ಳುತ್ತದೆ, ಮತ್ತೆ ನಡೆದಾಗ ಮಂಕಾಗುತ್ತದೆ. ಸಾಲದ್ದಕ್ಕೆ, ಶಾಖ ಒಂದು ಡಿಗ್ರಿ ಏರಿದರೆ ಮಿನುಗು ನೂರಕ್ಕೆ ಎರಡರಷ್ಟು ಇಳಿಯುತ್ತದೆ. ಆದ್ದರಿಂದ ಇಡೀ ವ್ಯವಸ್ಥೆಯನ್ನು 18 ಡಿಗ್ರಿಯಲ್ಲಿ, ಒಂದು ಡಿಗ್ರಿಯ ಇಪ್ಪತ್ತನೆಯ ಒಂದು ಪಾಲಿಗಿಂತ ಹೆಚ್ಚು ಏರಿಳಿಯದಂತೆ, ನೀರಿನಿಂದ ತಂಪಾಗಿರಿಸುತ್ತಿದ್ದರು.

"ಹಾಗಾದರೆ ಅದು ಹೇಳುವ ಲೆಕ್ಕವನ್ನು ನಂಬುವುದು ಹೇಗೆ?" ಎಂದೆ.

ಆಕೆ ನಕ್ಕು ಹೇಳಿದಳು: ಸುಮಾರು 40 ನಿಮಿಷಕ್ಕೊಮ್ಮೆ ಪ್ರತಿಯೊಂದು ಹರಳಿನೊಳಕ್ಕೂ ಅಳತೆ ತಿಳಿದಿರುವ ಲೇಸರ್ ಬೆಳಕನ್ನು ಹಾಯಿಸುತ್ತಾರೆ. ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂಬುದರಿಂದ ಆ ಹೊತ್ತಿಗೆ ಹರಳು ಎಷ್ಟು ಮಂಕಾಗಿದೆಯೆಂದು ತಿಳಿಯುತ್ತದೆ. ಆ ಮಂಕನ್ನು ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಅಳತೆಯನ್ನು ಒಪ್ಪುತ್ತಾರೆ. ಹಾಗೆ ಮಾಡದಿದ್ದರೆ ಹಿಗ್ಸ್ ಕಣ ಕಾಣುತ್ತಲೇ ಇರಲಿಲ್ಲ.

ಈ ಉತ್ತರ ಕೇಳಿ ನಾನು ನಾಚಿದೆ. ಕಾರಣವಿಷ್ಟೆ. ಸ್ಕ್ಯಾನಿನ ದಿನ ನಸುಕಿನಲ್ಲೇ ನಾವು ಆಸ್ಪತ್ರೆ ಸೇರಿದ್ದೆವು. ನನ್ನ ಮನೆಯವರು ರಾತ್ರಿಯಿಂದ ಉಪವಾಸ. "ಯಂತ್ರದ ಪರೀಕ್ಷೆ ನಡೀತಿದೆ, ಸ್ವಲ್ಪ ಕೂತಿರಿ" ಎಂದ ಹುಡುಗನ ಮೇಲೆ ನಾನು ರೇಗಿದ್ದೆ: "ರೋಗಿಯನ್ನು ಕಾಯಿಸಿ ಯಂತ್ರವನ್ನು ಪರೀಕ್ಷಿಸುತ್ತೀರಾ?" ಅವನು ಮರುಮಾತಾಡದೆ ಒಳಗೆ ಹೋದ. ಅವನು ಆ ಹೊತ್ತಿನಲ್ಲಿ ಮಾಡುತ್ತಿದ್ದುದು, ಸೆಸ್ಸಿಯವರು 40 ನಿಮಿಷಕ್ಕೊಮ್ಮೆ ಮಾಡುವ ಕೆಲಸವನ್ನೇ. ಹರಳುಗಳು ಅಂದು ಬೆಳಿಗ್ಗೆ ಎಷ್ಟು ಸರಿಯಾಗಿ ಮಿನುಗುತ್ತಿವೆಯೆಂದು ಖಚಿತಪಡಿಸಿಕೊಂಡೇ ಅವನು ನನ್ನ ಮನೆಯವರನ್ನು ಒಳಕ್ಕೆ ಕರೆದ. ಆ ಅರ್ಧ ಗಂಟೆಯ ಮೇಲೆಯೇ ವೈದ್ಯರ ಕತ್ತರಿ ಎಲ್ಲಿಗೆ ಹೋಗಬೇಕೆಂಬುದು ನಿಂತಿತ್ತು. ವಿಜ್ಞಾನದ ಮೇಷ್ಟರಾಗಿ ನನಗೆ ಇದು ಹೊಳೆಯಬೇಕಿತ್ತು. ಹೊಳೆದದ್ದು ಫ್ರಾನ್ಸಿನ ನೆಲದಡಿಯಲ್ಲಿ.

ಹೊಸ ಹರಳುಗಳು

ನಾವು ಬಂದ ಮೇಲೆ ಅಲ್ಲಿ ಬಹಳ ಬದಲಾವಣೆಗಳಾಗಿವೆ. 2022ರ ಏಪ್ರಿಲಿನಲ್ಲಿ ಯಂತ್ರ ಮತ್ತೆ ಆರಂಭವಾಯಿತು. 2024ರ ನವೆಂಬರ್ ಕೊನೆಗೆ ಸರ್ನ್ ರಷ್ಯಾದೊಡನೆ ಸಹಕಾರ ಒಪ್ಪಂದಗಳನ್ನು ಮುಗಿಸಿತು. ದೇಶಗಳ ನಡುವೆ ಬಾಗಿಲು ಮುಚ್ಚಿತಾದರೂ ಬೊಗೊರೊದಿತ್ಸ್ಕಿನಲ್ಲಿ ಬೆಳೆದ ಹರಳುಗಳು ಆಗಲೂ ಫ್ರಾನ್ಸಿನ ನೆಲದಡಿಯಲ್ಲಿ ಮಿನುಗುತ್ತಲೇ ಇದ್ದವು.

2030ರ ಸುಮಾರಿಗೆ ಹಲವು ಪಟ್ಟು ಹೆಚ್ಚು ಡಿಕ್ಕಿಗಳನ್ನು ಉಂಟುಮಾಡುವಂತೆ ಯಂತ್ರವನ್ನು ಬಲಪಡಿಸುವ ಯೋಜನೆಯಿದೆ. ಆ ಹೊಡೆತವನ್ನು ತುದಿಯ ಹರಳುಗಳು ತಾಳಲಾರವು. ಆದ್ದರಿಂದ ಅವಕ್ಕೂ, ಅವುಗಳ ಮುಂದಿನ ಬೆಂಗಳೂರಿನ ಸಿಲಿಕಾನ್ ತೆರೆಗೂ ವಿಶ್ರಾಂತಿ. ಅವುಗಳ ಜಾಗಕ್ಕೆ ಸಿಲಿಕಾನ್ ಮತ್ತು ಪ್ಲಾಸ್ಟಿಕ್ ಸಿಂಟಿಲೇಟರ್ ಬಿಲ್ಲೆಗಳ ಹೊಸ ಕ್ಯಾಲೊರಿಮೀಟರನ್ನು ರೂಪಿಸಿದ್ದಾರೆ. ಅದು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಕೆಲಸ ಮಾಡಬೇಕು. ನಡುವಿನ 61,200 ಹರಳುಗಳನ್ನು ಮಾತ್ರ ಉಳಿಸಿಕೊಂಡು, 18ರ ಬದಲು 9 ಡಿಗ್ರಿಯ ತಂಪಿನಲ್ಲಿ ಮುಂದುವರಿಸುವ ಯೋಜನೆ.

ಹೊಸದಾಗಿ ಬರುವ ಹರಳುಗಳಲ್ಲಿ ಒಂದರ ಹೆಸರು ಎಲ್‌ವೈಎಸ್‌ಒ. ಲುಟೀಷಿಯಂ, ಯಿಟ್ರಿಯಂ, ಸಿಲಿಕಾನ್, ಆಮ್ಲಜನಕಗಳಿಗೆ ಸೀರಿಯಂ ಬೆರೆಸಿದ್ದು. ಇದು ಪೆಟ್ ಯಂತ್ರಗಳಲ್ಲಿ ಪಳಗಿದ ಹರಳು. ಇದರ 1,65,000ಕ್ಕೂ ಹೆಚ್ಚು ಸಣ್ಣ ಕಡ್ಡಿಗಳು, ಪ್ರತಿ ಕಣ ಬಂದ ವೇಳೆಯನ್ನು ಗುರುತಿಸಲು ಸಿಎಂಎಸ್‌ಗೆ ಬೇಕಾಗಿವೆ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅಂಥ ಮೂವತ್ತು ಪಾಲಿನಷ್ಟು ಸೂಕ್ಷ್ಮವಾದ ವೇಳೆ. ಏಕಕಾಲಕ್ಕೆ ಇನ್ನೂರರವರೆಗೆ ಡಿಕ್ಕಿಗಳಾಗುವಾಗ ಯಾವ ಕಣ ಯಾವ ಡಿಕ್ಕಿಯದೆಂದು ತಿಳಿಯಲು ಇದು ನೆರವಾಗುತ್ತದೆ. ಎಲ್‌ಎಚ್‌ಸಿಬಿ ಎಂಬ ಇನ್ನೊಂದು ಪ್ರಯೋಗದವರು ಗ್ಯಾಡೊಲಿನಿಯಂ ಸೇರಿದ ಗಾರ್ನೆಟ್ ಹರಳಿನ ಎಳೆಗಳನ್ನು ಟಂಗ್‌ಸ್ಟನ್ನಿನೊಳಗೆ ಪೋಣಿಸಿ ಪರೀಕ್ಷಿಸಿದ್ದಾರೆ. ಸೀಸಿಯಂ, ಸೀಸ, ಬ್ರೋಮಿನ್ ಕೂಡಿದ ಅತಿ ಸೂಕ್ಷ್ಮ ಹರಳುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸುವ ಪ್ರಯತ್ನವೂ ನಡೆದಿದೆ. ಎಲ್ಲರೂ ಅರಸುವುದು ಮೂರೇ ಗುಣಗಳನ್ನು: ಬೇಗ ಮಿನುಗಬೇಕು, ಹೆಚ್ಚು ಮಿನುಗಬೇಕು, ಬೇಗ ಮಂಕಾಗಬಾರದು. ಆಸ್ಪತ್ರೆಯ ಯಂತ್ರಕ್ಕೂ ಬೇಕಾದದ್ದು ಇದೇ. ವೇಗವಾಗಿ ಮಿನುಗುವ ಹರಳಿದ್ದರೆ ರೋಗಿಗೆ ಕೊಡುವ ವಿಕಿರಣದ ಪ್ರಮಾಣವನ್ನೂ ಇಳಿಸಬಹುದು.

ಆ ಕಡೆಗೆ ಹೋಗುವ ನಮ್ಮ ಕುಟುಂಬಗಳಿಗೆ ಒಂದು ಬಿನ್ನಹ. ಟ್ರಾಮ್ ನಿಲ್ಲುವಲ್ಲಿಯೇ 2023ರ ಅಕ್ಟೋಬರಿನಲ್ಲಿ ಸೈನ್ಸ್ ಗೇಟ್‌ವೇ ಎಂಬ ಪ್ರದರ್ಶನಾಲಯ ತೆರೆದಿದೆ. ಪ್ರವೇಶ ಉಚಿತ, ಸೋಮವಾರ ರಜೆ. ಮಕ್ಕಳನ್ನು ಅವಶ್ಯ ಕರೆದೊಯ್ಯಿರಿ.

ಅಂದು ಸಂಜೆ ಸೆಸ್ಸಿಯ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಜೂರಾ ಬೆಟ್ಟದ ಹಿಂದೆ ಹೊತ್ತು ಇಳಿಯುತ್ತಿತ್ತು. "ಅಷ್ಟೊಂದು ಹರಳು ಕತ್ತಲಲ್ಲಿ ಕೂತು ಕೆಲಸ ಮಾಡ್ತಾವಲ್ರೀ, ಒಂದೂ ನೋಡಲಿಕ್ಕೆ ಸಿಗಲಿಲ್ಲ" ಎಂದರು ನನ್ನ ಮನೆಯವರು. ಅವರೀಗ ಆರೋಗ್ಯದಿಂದಿದ್ದಾರೆ. ಆ ಬಳಿಕವೂ ವೈದ್ಯರು ಹೇಳಿದಾಗಲೆಲ್ಲ ಸ್ಕ್ಯಾನಿಗೆ ಹೋಗಿ ಬಂದಿದ್ದೇವೆ. "ಯಂತ್ರದ ಪರೀಕ್ಷೆ ನಡೀತಿದೆ, ಸ್ವಲ್ಪ ಕೂತಿರಿ" ಎಂದು ಆ ಹುಡುಗ ಈಗಲೂ ಹೇಳುತ್ತಾನೆ. "ಆಗಲಪ್ಪಾ, ನಿಧಾನವಾಗಿ ನೋಡು" ಎಂದು ನಾನು ಬೆಂಚಿನ ಮೇಲೆ ಕೂರುತ್ತೇನೆ.